ಕುಣಿಗೆ ಮೊದಲು ಇಳಿಯುವವರು

ಸೇವೆ ಎನ್ನುವ ಮಾತು ಕಿವಿಗೆ ಬಿದ್ದರೆ ಈಗೀಗ ನನಗೆ ಮೈ ಉರಿಯುತ್ತದೆ. ನಮ್ಮ ಚರ್ಚಿನ ಸಭೆಯ ಹಿರಿಯರನ್ನೆಲ್ಲ ಒಮ್ಮೆ ಧಾರವಾಡಕ್ಕೆ ತರಬೇತಿಗೆ ಕರೆಸಿದ್ದರು. ಸೇವಕನಾಗಿ ಮುಂದಾಳತ್ವ ವಹಿಸುವುದು ಹೇಗೆ ಅಂತ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರಂತೆ, ಮಧ್ಯಾಹ್ನ ಹೋಳಿಗೆ ಊಟ ಹಾಕಿದರಂತೆ. ತಿರುಗಿ ಬರುವಾಗ ಒಬ್ಬೊಬ್ಬರ ಕೈಯಲ್ಲೂ ಒಂದು ಚೀಲ, ಎದೆಯ ಮೇಲೆ ಒಂದು ಬಿಲ್ಲೆ. ಬಿಲ್ಲೆಯ ಮೇಲೆ ‘ಸೇವಕ’ ಅಂತ ಬರೆದಿತ್ತು. ನಮ್ಮ ಸಭೆಯ ಅಧ್ಯಕ್ಷ ಅಪ್ಪನ ಚಿಕ್ಕಪ್ಪನ ಮಗ, ನನಗೆ ಕಾಕಾ ಆಗಬೇಕು. ಅಣ್ಣಿಗೇರಿಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದಾನೆ. ಅಂಗಡಿಗೂ ಆ ಬಿಲ್ಲೆ ಹಾಕಿಕೊಂಡೇ ಹೋಗುತ್ತಿದ್ದ. ಚರ್ಚಿನಲ್ಲಿ ಕಸ ಬಿದ್ದಿದ್ದರೆ ಮಾತ್ರ ಕೂತಲ್ಲಿಂದಲೇ, “ಏ, ಯಾರರ ಕಸಬರಿಗಿ ತಗೊಳ್ರೆವಾ” ಅಂತ ಕೂಗುತ್ತಿದ್ದ.

ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಕನ್ನಡ ಶಾಲೆಯ ಅಕ್ಕೋರು ನಾನು, ಮಕ್ಕಳನ್ನು ಗದರಿಸಿ ಗದರಿಸಿ ಗಂಟಲು ಗಟ್ಟಿಯಾಗಿದೆ. ಮದುವೆಯಾಗಲಿಲ್ಲ. “ಇಕಿ ಬಾಯಿಗೆ ಅಂಜಿ ಗಂಡು ಬರಲಿಲ್ಲ” ಅಂತ ಓಣಿಯ ಹೆಂಗಸರು ನನ್ನೆದುರಿಗೇ ನಗುತ್ತಾರೆ. ನಗಲಿ. ಬಾಯಿ ಮುಚ್ಚಿಕೊಂಡು ಕೂತವರಿಂದ ಯಾವ ಕೆಲಸ ಆಗಿದೆ ಅಂತ ನಾನೂ ಕೇಳುತ್ತೇನೆ.

ನಮ್ಮೂರು ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಸುತ್ತ ಕಣ್ಣು ಹಾಯುವವರೆಗೂ ಎರೆ ಭೂಮಿ. ನಮ್ಮ ಜನರದು ಒಂದೇ ಓಣಿ, ಅದರ ತುದಿಗೆ ಹಂಚಿನ ಚರ್ಚು. ನಮ್ಮ ಮುತ್ತಜ್ಜಂದಿರು ಕ್ರೈಸ್ತರಾದ ಹೊಸದರಲ್ಲಿ ಅವರ ಸಾವಿಗೆ ಕುಣಿ ತೋಡಲು ಊರಲ್ಲಿ ಯಾರೂ ಬರಲಿಲ್ಲವಂತೆ. ಅತ್ತುಕೊಂಡೇ ತಮ್ಮ ಕುಣಿ ತಾವೇ ತೋಡಿಕೊಂಡರು. ಮುಂದೆ ಕಾಲ ಬದಲಾಯಿತು, ಕೂಲಿ ಕೊಟ್ಟರೆ ಬರುವವರು ಸಿಕ್ಕರು. ಆದರೂ ನಮ್ಮವರು ಅದನ್ನು ಬಿಡಲಿಲ್ಲ, ರೂಢಿ ಮಾಡಿಕೊಂಡರು. ಕೂಲಿಯವರನ್ನು ಹಚ್ಚುವಂತಿಲ್ಲ. ಸಭೆಗೆ ಹಿರಿಯನಾಗಿ ಆರಿಸಿ ಬಂದವನು ಎಲ್ಲರಿಗಿಂತ ಮೊದಲು ಕುಣಿಗೆ ಇಳಿಯಬೇಕು, ಎಲ್ಲರೂ ಹತ್ತಿದ ಮೇಲೆ ಕಡೆಗೆ ಹತ್ತಬೇಕು. ತಲೆಮಟ್ಟ ಆಳದಿಂದ ಉಳಿದವರು ಮೇಲೆ ಬರುವಾಗ ಆ ಹಿರಿಯನೇ ಬಗ್ಗಿ ಹೆಗಲು ಕೊಡಬೇಕು. ಅವನ ಹೆಗಲ ಮೇಲೆ ಕಾಲಿಟ್ಟು ಒಬ್ಬೊಬ್ಬರೇ ಹತ್ತುತ್ತಾರೆ. ‘ಹಿರೇತನ ಬೇಕಂದ್ರ ಹೆಗಲು ಕೊಡು’ ಅನ್ನುವುದು ನಮ್ಮ ಓಣಿಯ ಮಾತು.

ನಾನು ಹುಟ್ಟುವ ಮೊದಲಿನಿಂದ ಅಪ್ಪ ಸಭೆಯ ಹಿರಿಯ. ಮಾತು ಕಡಿಮೆ. ಪ್ರಾರ್ಥನೆ ಮಾಡು ಅಂದರೆ ನಾಲ್ಕು ಮಾತಾಡಿ ‘ಆಮೆನ್’ ಅಂದು ಕೂತುಬಿಡುತ್ತಿದ್ದ. ಕೀರ್ತನೆ ಹಾಡಿದರೆ ಬಾಜೂಕಿನವರು ರಾಗ ಮರೆಯುತ್ತಿದ್ದರು. ಸಾವಿನ ಸುದ್ದಿ ಬಂದರೆ ಮಾತ್ರ ಅವನನ್ನು ಕರೆಯಬೇಕಾಗಿರಲಿಲ್ಲ. ಹೊಲದಲ್ಲಿದ್ದರೆ ಹೊಲದಿಂದ, ಊಟಕ್ಕೆ ಕೂತಿದ್ದರೆ ತಾಟು ಸರಿಸಿ, ಸಲಿಕೆ ಗುದ್ದಲಿ ಹೆಗಲಿಗೇರಿಸಿ ಹಳ್ಳದಾಚೆಯ ನಮ್ಮ ಸುಡುಗಾಡಿಗೆ ಹೋಗಿಬಿಡುತ್ತಿದ್ದ. ಅವ್ವ ಬೈಯುತ್ತಿದ್ದಳು, “ನೀ ಒಬ್ಬಾಂವ ಏನು ಈ ಸಭಾಕ್ಕ ಹಿರ್ಯಾ? ಉಳದಾವ್ರು ಬರತಾರ, ಒಂದ್ ತುತ್ತು ಉಣ್ಣು.” ಅಪ್ಪ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಉಳಿದವರು ಬರುತ್ತಿದ್ದರು, ಹೌದು, ಅಪ್ಪ ಅರ್ಧ ತೋಡಿದ ಮೇಲೆ.

ಅಗೆದು ಮುಗಿದ ಮೇಲೆ ಅವನದೊಂದು ಕೆಲಸ ಇತ್ತು. ಎಲ್ಲರನ್ನೂ ಮೇಲೆ ಕಳಿಸಿ ಕುಣಿಯ ತಳದಲ್ಲಿ ಮೊಣಕಾಲೂರಿ ಎರಡೂ ಅಂಗೈಗಳಿಂದ ನೆಲ ಸವರುತ್ತಿದ್ದ. ಗರಸಿನ ಹರಳು ಕೈಗೆ ತಾಕಿದರೆ ಕಿತ್ತು ಹೊರಗೆ ಎಸೆಯುತ್ತಿದ್ದ. ಸತ್ತವರ ಬೆನ್ನಿಗೆ ಚುಚ್ಚಬಾರದಂತೆ. ಅದು ಬರೀ ಬಟ್ಟೆ ಸುತ್ತಿ ಮಣ್ಣು ಮಾಡುತ್ತಿದ್ದ ಕಾಲದ ಪದ್ಧತಿ. ಪೆಟ್ಟಿಗೆ ಬಂದ ಮೇಲೂ ಅವನು ಬಿಡಲಿಲ್ಲ. ನಾನೇ ಒಮ್ಮೆ ನಗಾಡಿದ್ದೆ, “ಪೆಟಗಿ ಐತಲ್ಲಪಾ, ಹರಳು ಪೆಟಗಿಗೆ ಚುಚ್ಚತಾವೇನು?”

“ಇರ್ಲಿ ಬಿಡವಾ” ಅಂದ. ಅಷ್ಟೇ.

ಅಪ್ಪನ ಮೊಣಕಾಲು ಸೋತವು. ಸೊಂಟ ಬಿತ್ತು. ಸಭೆಯ ಚುನಾವಣೆಯಲ್ಲಿ ಕಾಕಾ ನಿಂತ. ಹೊಸ ಮೈಕು ತರುತ್ತೇನೆ, ಚರ್ಚಿಗೆ ಟೈಲ್ಸ್ ಹಾಕಿಸುತ್ತೇನೆ ಅಂದ, ಆರಿಸಿ ಬಂದ. ಸುಳ್ಳು ಹೇಳಬಾರದು, ಮೈಕೂ ಬಂತು, ಟೈಲ್ಸೂ ಬಂತು. ಹಾಗೆಯೇ ಜೆಸಿಬಿಯೂ ಬಂತು.

ಬೇಸಿಗೆಯಲ್ಲಿ ನಮ್ಮ ಓಣಿಯ ಒಬ್ಬ ಮುದುಕಿ ತೀರಿಕೊಂಡಳು. ಕಾಕಾ ಫೋನು ಹಚ್ಚಿದ, ಹಳದಿ ಮಷೀನು ಗುಡುಗುತ್ತ ಬಂತು. ನಾವು ಪೆಟ್ಟಿಗೆ ಹೊತ್ತು ಹೋಗುವಷ್ಟರಲ್ಲಿ ಕುಣಿ ತಯಾರು. ಹಿರಿಯರೆಲ್ಲ ಇಸ್ತ್ರಿ ಅಂಗಿಯಲ್ಲಿ ಜಾಲಿಗಿಡದ ನೆರಳಿಗೆ ನಿಂತಿದ್ದರು. ಪೆಟ್ಟಿಗೆ ಇಳಿಸಿದೆವು. ನಾವು ಒಂದೊಂದು ಹಿಡಿ ಮಣ್ಣು ಹಾಕುತ್ತಿರುವಾಗಲೇ ಡ್ರೈವರ್, “ಸರಕೋರಿ, ಸರಕೋರಿ, ನನಗ ಮುಂದ ಮತ್ತೊಂದು ಕೆಲಸ ಐತಿ” ಅಂದ. ಗಟಾರ ಮುಚ್ಚಿದ ಹಾಗೆ ಬಕೆಟ್ಟಿನಿಂದ ಮಣ್ಣು ತಳ್ಳಿದ. ಪೆಟ್ಟಿಗೆಯ ಮುಚ್ಚಳದ ಮೇಲೆ ಹೆಂಟೆಗಳು ಧಡಧಡ ಬಿದ್ದ ಸಪ್ಪಳಕ್ಕೆ ಮುದುಕಿಯ ಮಗಳು ಕಿವಿ ಮುಚ್ಚಿಕೊಂಡಳು.

ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಿದ್ದೆವು. ಎಲ್ಲ ನೋಡಿದ. ಮನೆಗೆ ಬಂದು ನೀರು ಕುಡಿದ ಮೇಲೆ ನನ್ನ ಕೈ ಹಿಡಿದ.

“ನನ್ನ ಅದರ ಕೈಯಾಗ ಕೊಡಬ್ಯಾಡ ನಮ್ಮವ್ವಾ. ನಮ್ಮ ಮಂದಿ ಕೈಲೆ ತೋಡ್ಸು. ಎರಡ ಬುಟ್ಟಿ ಮಣ್ಣು ತಗದ್ರೂ ಚಿಂತಿಲ್ಲ, ನಮ್ಮ ಮಂದಿ ತೋಡ್ಲಿ.”

ಜೀವಮಾನದಲ್ಲಿ ಆತ ಏನೂ ಬೇಡಿದವನಲ್ಲ. ಅಂಗಿ ಹರಿದರೆ ಹೊಸದು ಬೇಡಿದವನಲ್ಲ. ಇದೊಂದನ್ನು ಬೇಡಿದ. “ಆತಪಾ, ಮಾತು ಕೊಟ್ಟೀನಿ” ಅಂದೆ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಚಹಾ ಒಯ್ದರೆ ಅಪ್ಪ ಏಳಲಿಲ್ಲ. ಸಾಕಾಗುವಷ್ಟು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಹೊರಗೆ ನೋಡಿದರೆ ಓಣಿಯಲ್ಲಿ ಗಂಡಸರೇ ಇಲ್ಲ. ಹೆಸರುಕಾಯಿ ಬಿಡಿಸುವ ಕಾಲ ಅದು. ವಾರದಿಂದ ಜಿಟಿಜಿಟಿ ಮಳೆ, ಮಳೆ ನಿಂತು ಒಂಚೂರು ಹೊಳವಾದರೆ ಸಾಕು, ಕಾಯಿ ಮೊಳೆಯುವುದರೊಳಗೆ ಬಿಡಿಸಿಕೊಳ್ಳಬೇಕು ಅಂತ ಜನ ಹೊಲಕ್ಕೆ ಓಡಿದ್ದರು. ಅವರನ್ನು ಬೈಯಲಾರೆ. ವರ್ಷದ ಅನ್ನ ಅದು. ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವರು ಮೊದಲ ಬಸ್ಸಿಗೇ ಹೋಗಿಯಾಗಿತ್ತು. ಹಾಗಂತ ಹಿರಿಯರು ಎಲ್ಲಿ? ಅವರಿಗೆ ಯಾವ ಹೊಲ, ಯಾವ ಬಸ್ಸು? ಎಲ್ಲರೂ ಚರ್ಚಿನ ಕಟ್ಟೆಯ ಮೇಲೆ ಕೂತಿದ್ದರು, ಸುದ್ದಿ ಕೇಳಿ ಬಿಳಿ ಅಂಗಿ ಹಾಕಿಕೊಂಡು ಬಂದವರು.

ಕಾಕಾ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. “ದೊಡ್ಡ ಮನಷ್ಯಾ ಹ್ವಾದ ಯವ್ವಾ. ನೀ ಏನೂ ಚಿಂತಿ ಮಾಡಬ್ಯಾಡ. ಎಲ್ಲಾ ವ್ಯವಸ್ಥಾ ಮಾಡೀನಿ. ಜೆಸಿಬಿ ಹೊಂಟೈತಿ.”

“ಜೆಸಿಬಿ ಬ್ಯಾಡ ಕಾಕಾ. ಅಪ್ಪ ಬ್ಯಾಡಂದಾನ. ಕೈಲೆ ತೋಡ್ರಿ.”

“ಏ ಹುಚ್ಚಿ, ಈ ಮಳ್ಯಾಗ? ಮಂದಿ ಎಲ್ಲಿ ಅದಾರ?”

“ನೀವು ಮಂದಿ ಅಲ್ಲೇನ್ರಿ? ಕಟ್ಟಿ ತುಂಬ ಕುಂತೀರಿ.”

ಒಬ್ಬ ಹಿರಿಯನಿಗೆ ಶುಗರ್. ಇನ್ನೊಬ್ಬನಿಗೆ ಬೆನ್ನು. ಕಾಕಾನಿಗೆ ಏನೂ ಇಲ್ಲ, ಅದಕ್ಕೇ ಅವನು ದೇವರ ಮಾತು ತೆಗೆದ. “ದೇವರು ಮಷೀನ ಯಾಕ ಕೊಟ್ಟಾನವಾ? ಲಗೂನ ಆಗ್ಲಿ ಅಂತ. ಇದೂ ಸೇವಾನ ಅಲ್ಲೇನು? ಫೋನ್ ಮಾಡಿದಾಂವ ನಾನು, ಡ್ರೈವರನ್ನ ಹೊಂದಿಸಿದಾಂವ ನಾನು.”

ಹುಬ್ಬಳ್ಳಿಯಿಂದ ಮೋಟಾರ್ ಸೈಕಲ್ ಮೇಲೆ ತೋಯಿಸಿಕೊಂಡು ಬಂದ ಪಾಸ್ಟರನ್ನು ಕೇಳಿದೆ. ಇನ್ನೂ ಎಳೆ ವಯಸ್ಸಿನವರು, ಒಳ್ಳೆಯವರೇ. ಆದರೆ ಯಾರನ್ನೂ ನೋಯಿಸಲು ಒಲ್ಲರು. ಕಾಕಾನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿದರು.

“ಕುಣಿ ಹೆಂಗ ತೋಡಿದ್ರೇನ್ರಿ ಅಕ್ಕೋರ? ನಿಮ್ಮ ತಂದಿ ಆತ್ಮ ದೇವರ ಹಂತೇಕ ಮುಟ್ಟೇತಿ.”

“ಆತ್ಮಕ್ಕ ಯಾರೂ ಕುಣಿ ತೋಡೂದಿಲ್ರೀ ಪಾಸ್ಟರ. ದೇಹಕ್ಕ ತೋಡತಾರ. ಕರ್ತ ತನ್ನ ಶಿಷ್ಯರ ಕಾಲು ತೊಳದಿದ್ದರ ಮ್ಯಾಲೆ ಹ್ವಾದ ತಿಂಗಳ ಅಷ್ಟು ಚಂದ ಪ್ರಸಂಗ ಮಾಡಿದ್ರಿ. ಅವತ್ತು ಕರ್ತ ಮುನಸಿಪಾಲ್ಟಿ ಪೈಪ್ ಹಚ್ಚಿ ತೊಳದಿದ್ನೇನ್ರಿ?”

ಕಾಕಾನ ಮೋತಿ ಕೆಂಪಾಯಿತು. “ಬಾಯಿ ಭಾಳ ಆತು” ಅಂದ. ಅಷ್ಟರಲ್ಲಿ ಹಳ್ಳದ ಕಡೆಯಿಂದ ಮಷೀನಿನ ಸಪ್ಪಳ ಕೇಳಿತು.

ಅಪ್ಪನ ಸಲಿಕೆ, ಗುದ್ದಲಿ ಎರಡೂ ಹಿತ್ತಲ ಗೋಡೆಗೆ ಆನಿಸಿದ್ದವು. ತೆಗೆದುಕೊಂಡು ಹೊರಟೆ. ಅಪ್ಪನ ಹತ್ತಿರ ಹೆಂಗಸರನ್ನು ಕೂರಿಸಿದ್ದೆ. ಮನಸ್ಸಿನಲ್ಲಿ ಇದ್ದದ್ದು ಇಷ್ಟೇ, ಮಷೀನಿನ ಮುಂದೆ ಅಡ್ಡ ನಿಲ್ಲುತ್ತೇನೆ, ನಾನೇ ಅಗೆಯುತ್ತೇನೆ. ಹೆಂಗಸರು ಸುಡುಗಾಡಿಗೆ ಬರುವುದು ನಮ್ಮಲ್ಲಿ ಉಂಟು, ಕುಣಿಗೆ ಇಳಿಯುವುದು ಇಲ್ಲ. ಇಲ್ಲದಿದ್ದರೆ ಇವತ್ತಿನಿಂದ ಆಗಲಿ ಅಂದುಕೊಂಡೆ. ಹಿಂದಿನಿಂದ ಹಿರಿಯರು, ಪಾಸ್ಟರು ಛತ್ರಿ ಹಿಡಿದುಕೊಂಡು ಬಂದರು.

ಅಡ್ಡ ನಿಲ್ಲುವ ಪ್ರಸಂಗವೇ ಬರಲಿಲ್ಲ. ಮಳೆಗಾಲದ ಎರೆ ಮಣ್ಣು ಏನು ಅಂತ ನಮ್ಮ ಕಡೆ ಕೂಸಿಗೂ ಗೊತ್ತು. ಚಪ್ಪಲಿ ಹಾಕಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲು ಮುಂದೆ ಬರುತ್ತದೆ. ಗೊಬ್ಬರ ಮಾರುವ ಕಾಕಾನಿಗೆ ಅದು ತಿಳಿಯಲಿಲ್ಲ ಅಂದರೆ ಏನು ಹೇಳೋಣ! ಸುಡುಗಾಡಿನೊಳಗೆ ಹೊಕ್ಕ ಜೆಸಿಬಿಯ ಹಿಂದಿನ ಗಾಲಿ ಹುಗಿಯಿತು. ಡ್ರೈವರ್ ಬಕೆಟ್ ಊರಿ ಏಳಿಸಲು ನೋಡಿದ. ಬಕೆಟ್ಟೂ ಹುಗಿಯಿತು. ಮಷೀನು ಒಂದು ಕಡೆ ವಾಲಿತು. ವಾಲಿದ್ದು ಬೇರೆಲ್ಲಿಗೂ ಅಲ್ಲ, ಕಾಕಾನ ಅವ್ವನ ಗೋರಿಯ ಕಡೆಗೆ. ಇನ್ನೊಂದು ಗೇಣು ಜಾರಿದರೆ ಶಿಲುಬೆಯ ಕಲ್ಲು ಪುಡಿ.

“ಏ, ನಮ್ಮವ್ವ! ನಮ್ಮವ್ವನ ಗೋರಿ!” ಕಾಕಾ ಕೂಗಿದ ಕೂಗಿಗೆ ಹೆಸರು ಬಿಡಿಸುತ್ತಿದ್ದವರು ತಲೆಯೆತ್ತಿದರು. ಛತ್ರಿ ಒಗೆದ. ನನ್ನ ಕೈಯಿಂದ ಅಪ್ಪನ ಸಲಿಕೆ ಕಸಿದುಕೊಂಡ. ಬಿಳಿ ಪ್ಯಾಂಟಿನಲ್ಲೇ ಕೆಸರಲ್ಲಿ ಮೊಣಕಾಲೂರಿ ಗಾಲಿಯ ಕೆಳಗಿನ ಮಣ್ಣು ತೋಡತೊಡಗಿದ. ಶುಗರಿನ ಹಿರಿಯ ಗುದ್ದಲಿ ತೆಗೆದುಕೊಂಡ. ಬೆನ್ನಿನ ಹಿರಿಯ ಕಲ್ಲು ಹೊತ್ತು ತಂದ. ಪಾಸ್ಟರು ಪ್ಯಾಂಟು ಮಡಚಿ, ಬಾಜೂಕಿನ ಬಣವಿಯಿಂದ ಜೋಳದ ಕಣಕಿ ಹೊರೆ ಹೊತ್ತು ತಂದು ಗಾಲಿಗೆ ಒಡ್ಡಿದರು. ಹೊಲದಿಂದ ಸಲಿಕೆ ಬುಟ್ಟಿ ಸಮೇತ ಜನ ಓಡಿ ಬಂದರು. ಯಾರೋ ಟ್ರ್ಯಾಕ್ಟರ್ ತಂದು ಹಗ್ಗ ಬಿಗಿದರು. “ಹಾಕ್ರಿ, ಇನ್ನೊಂದೀಟು ಹಾಕ್ರಿ! ಆ ಬಾಜು! ಎಳೀಲೇ!” ಅಂತ ಕಾಕಾ ಕೂಗುತ್ತಿದ್ದರೆ ತಲೆಯಿಂದ ಕಾಲಿನವರೆಗೂ ಕರಿ ಕೆಸರು.

ನಾನು ಮಳೆಯಲ್ಲಿ ನಿಂತು ನೋಡಿದೆ. ನಗು ಬರಬೇಕಿತ್ತು, ಬರಲಿಲ್ಲ. ಎಂಥ ಸಂಕಟ ಅಂದರೆ ಹೇಳಲಾರೆ. ಅಪ್ಪ ಮನೆಯಲ್ಲಿ ಮಲಗಿದ್ದಾನೆ, ಎರಡು ಬುಟ್ಟಿ ಮಣ್ಣು ಸಾಕು ಅಂದಿದ್ದ. ಇಲ್ಲಿ ಗಾಡಿಗಟ್ಟಲೆ ಮಣ್ಣು ತೋಡುತ್ತಿದ್ದಾರೆ, ಜೆಸಿಬಿಗಾಗಿ. ಆ ಗೋರಿಯಲ್ಲಿ ಮಲಗಿರುವ ಕಾಕಾನ ಅವ್ವನಿಗೆ ಕುಣಿ ತೋಡಿದ್ದೂ ಅಪ್ಪನೇ.

ಜೆಸಿಬಿ ಮೇಲೆ ಬಂತು. ಗೋರಿ ಉಳಿಯಿತು. ಎಲ್ಲರೂ ‘ಸ್ತೋತ್ರ, ಸ್ತೋತ್ರ’ ಅಂದರು. ಡ್ರೈವರ್ ಕೈ ಮುಗಿದು, “ನಾ ಒಳಗ ಮತ್ತ ಬರೂದಿಲ್ರಿ ಯಪ್ಪಾ” ಅಂದು ಹೊರಟೇ ಹೋದ. ಆಮೇಲೆ ಎಲ್ಲರೂ ಕೈಕಾಲಿನ ಕೆಸರು ಒರೆಸಿಕೊಳ್ಳತೊಡಗಿದರು. ಯಾರೂ ನನ್ನ ಕಡೆ ನೋಡಲಿಲ್ಲ.

“ಮಷೀನಿಗೆ ಸೇವಾ ಮಾಡಿದ್ದು ಮುಗೀತಲ್ರಿ?” ಅಂದೆ. “ಸಲಿಕಿ ಕೈಯಾಗ ಅದಾವು. ಮಂದಿ ಅದೀರಿ. ಅಂಗಿ ಹೆಂಗೂ ಹೊಲಸಾಗ್ಯಾವು. ಇನ್ನರ ಮನಷ್ಯಾಗ ಮಾಡ್ರಿ. ನಿಮ್ಮ ಅಪ್ಪಂದೂ ಅವ್ವಂದೂ ಎಲ್ಲಾರ್ದೂ ತೋಡ್ಯಾನ ಅಂವ. ಅಂವಂದು ತೋಡ್ರಿ.”

ಹೊಲದಿಂದ ಬಂದವನೊಬ್ಬ ಮುಂದೆ ಬಂದ. ನನ್ನ ಅವ್ವ ತೀರಿಕೊಂಡಾಗಲೇ ಅವಳ ಗೋರಿಯ ಬಾಜೂಕೆ ಅಪ್ಪ ತನಗಾಗಿ ಜಾಗ ಬಿಟ್ಟಿದ್ದ. ಅಲ್ಲಿ ಸಲಿಕೆ ಊರಲು ಹೋದ. ಕಾಕಾ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಮತ್ತೇನು ತಕರಾರು ಅಂತ ನನಗೆ ರಕ್ತ ಕುದಿಯಿತು.

“ತಡೀ ತಮ್ಮಾ” ಅಂದ ಕಾಕಾ. “ಮೊದಲ ನಾ ಇಳೀಬೇಕು.”

ಎರೆ ಮಣ್ಣು ಸಲಿಕೆಗೆ ಅಂಟಿ ಬಿಡುವುದಿಲ್ಲ. ಹೆಂಗಸರು ಕೊಡದಲ್ಲಿ ನೀರು ತಂದು ಸಲಿಕೆಗಳನ್ನು ತೋಯಿಸುತ್ತಾ ಇದ್ದರು. ಒಂದು ಬದಿ ಕುಸಿಯಿತು, ಚರ್ಚಿನ ಹಳೆಯ ಬೆಂಚಿನ ಹಲಗೆ ತಂದು ಆನಿಸಿದರು. ಮಧ್ಯಾಹ್ನ ಇಳಿಹೊತ್ತಾಯಿತು. ತಳಕ್ಕೆ ಗರಸು ಹತ್ತಿತು. ಪಾಸ್ಟರ ಕೈ ಬೊಬ್ಬೆ ಬಂದಿತ್ತು, ಆದರೂ ಬುಟ್ಟಿ ಬಿಡಲಿಲ್ಲ. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇಷ್ಟು ಜನರಿಂದ ಇಷ್ಟು ಸರಳವಾಗಿ ಆಗುವ ಕೆಲಸಕ್ಕೆ ಬೆಳಿಗ್ಗೆಯಿಂದ ನನ್ನ ಗಂಟಲು ಹರಿಯಬೇಕಾಯಿತಲ್ಲ ಅಂತ ಸಿಟ್ಟು ಇಮ್ಮಡಿಯಾಯಿತು.

“ಆತು, ಏರ್ರಿ ಮ್ಯಾಲೆ” ಅಂದ ಕಾಕಾ. ಒಬ್ಬೊಬ್ಬರೇ ಅವನ ಹೆಗಲ ಮೇಲೆ ಕಾಲಿಟ್ಟು ಹತ್ತಿದರು. ತಳ ಸವರಬೇಕು ಅಂತ ಯಾರಿಗೂ ನೆನಪಿಲ್ಲ. ನೆನಪೆಲ್ಲಿಂದ ಬರಬೇಕು, ಅಪ್ಪ ಅದನ್ನು ಮಾಡುವಾಗ ಎಲ್ಲರೂ ಮೇಲೆ ಬಂದು ಬೀಡಿ ಹಚ್ಚಿರುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಗೆ ಜಾರಿದೆ.

“ಏ, ಹೆಣ್ಮಗಳು ಇಳೀಬಾರ್ದು!” ಅಂತ ಮೇಲಿಂದ ಯಾರೋ ಅಂದರು.

“ಮುಚ್ಚೋ ಬಾಯಿ” ಅಂದ ಕಾಕಾ. ನನ್ನ ಪರವಾಗಿ ಅವನು ಆಡಿದ ಮೊದಲ ಮಾತು ಅದು.

ಮೊಣಕಾಲೂರಿ ಅಂಗೈಯಿಂದ ನೆಲ ಸವರಿದೆ. ತಣ್ಣಗಿತ್ತು. ಹರಳು ಸಿಕ್ಕವು, ಕಿತ್ತು ಎಸೆದೆ. ಕಾಕಾ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ತಾನೂ ನನ್ನೆದುರು ಕೂತು ಕಾಲಿನ ಕಡೆಯಿಂದ ಸವರುತ್ತಾ ಬಂದ. ನಡುವೆ ಒಂದು ಕಲ್ಲಿನ ಮೇಲೆ ಇಬ್ಬರ ಕೈಯೂ ಬಿತ್ತು. ಅವನೇ ಅದನ್ನು ಉಗುರಿನಿಂದ ಕೆದರಿ ತೆಗೆದ.

ಆಮೇಲೆ ಗೋಡೆಗೆ ಕೈಯೂರಿ ಬಗ್ಗಿದ. “ಕಾಲಿಡವಾ.”

ಹಿರಿಯನ ಮೈಮೇಲೆ ಕಾಲಿಡುವುದು ಹೇಗೆ? ಬೆಳಗಿನಿಂದ ಅವನ ಮಾನ ಕಳೆದವಳು ನಾನೇ, ಆದರೂ ಕಾಲು ಏಳಲಿಲ್ಲ.

“ಇಡು. ನಿಮ್ಮಪ್ಪನ ಹೆಗಲ ಮ್ಯಾಲೆ ನಾನೂ ಭಾಳ ಸಲ ಇಟ್ಟೀನಿ. ಭಾರ ಅಂತ ಒಮ್ಮಿನೂ ಅನಲಿಲ್ಲ ಅಂವ.”

ಕೆಸರುಗಾಲನ್ನು ಅವನ ಹೆಗಲ ಮೇಲೆ ಇಟ್ಟೆ. ಮೂಳೆ ನಡುಗುತ್ತಿತ್ತು. ಮೇಲೆ ನಿಂತವರು ನನ್ನ ಕೈ ಹಿಡಿದು ಎಳೆದುಕೊಂಡರು. ತಿರುಗಿ ನೋಡಿದರೆ ಕಾಕಾ ಒಬ್ಬನೇ ಕೆಳಗೆ ನಿಂತಿದ್ದ. ಅಪ್ಪನಾದರೆ ಕಡೆಗೆ ತಾನು ಹತ್ತಲು ಗೋಡೆಯಲ್ಲಿ ಕಾಲಿಡುವಷ್ಟು ಕಚ್ಚು ಕೊರೆದುಕೊಂಡಿರುತ್ತಿದ್ದ. ಕಾಕಾನಿಗೆ ಅದು ತಿಳಿದಿರಲಿಲ್ಲ. ಕೈ ಮೇಲೆತ್ತಿ ನಮ್ಮೆಲ್ಲರ ಮುಖ ನೋಡಿದ.

ನಾನೇ ಬಗ್ಗಿ ಕೈ ಕೊಟ್ಟೆ. ಪಾಸ್ಟರು ಇನ್ನೊಂದು ಕೈ ಹಿಡಿದರು. ಕಾಕಾ ಮೇಲೆ ಬಂದು ನನ್ನ ಬಾಜೂಕೆ ಮಣ್ಣಿನ ಗುಡ್ಡೆಯ ಮೇಲೆ ಏದುಸಿರು ಬಿಡುತ್ತಾ ಕೂತ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಕೇಳಿಯೇಬಿಟ್ಟೆ.

“ಅಪ್ಪ ಜೀವಂತ ಇದ್ದಾಗ ಒಮ್ಮೆರ ಮೊದಲ ಇಳದಿದ್ರ ಏನಾಗ್ತಿತ್ತು ಕಾಕಾ? ಅವನ ಮೊಣಕಾಲು ಹೋಗೂತನಕ ಯಾಕ ಸುಮ್ನಿದ್ರಿ?”

ಕಾಕಾ ಅಂಗೈಯ ಮಣ್ಣು ನೋಡಿಕೊಂಡ. ಜಗಳದ ಮಾತಲ್ಲ, ನೆಪವೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಅವಾಗ ನಿಮ್ಮಪ್ಪ ಇದ್ನಲ್ಲವಾ.”

ಅವನ ಮೇಲೆ ಕೂಗಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪನ ತಾಟು ಕಣ್ಣ ಮುಂದೆ ಬಂತು. ಅಷ್ಟು ವರ್ಷ ತಾಟು ಸರಿಸಿ ಓಡಿದ ಅಪ್ಪ, ಒಂದು ಸಲವಾದರೂ ಊಟ ಮುಗಿಸಿ ನಿಧಾನಕ್ಕೆ ಹೋಗಿದ್ದರೆ, ಬಾ ತಮ್ಮಾ, ಇವತ್ತು ನೀ ಮೊದಲು ಇಳಿ ಅಂತ ಒಬ್ಬನಿಗಾದರೂ ಅಂದಿದ್ದರೆ! ಬೆಳಗಿನಿಂದ ಊರ ಮೇಲೆಲ್ಲ ಹರಿದ ಸಿಟ್ಟು ತಿರುಗಿ ಬಂದು ಅಪ್ಪನ ಮೇಲೇ ನಿಂತಿತು. ಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದವನ ಜೊತೆ ಜಗಳ ಹೇಗೆ ಆಡಲಿ?

“ಹೋಗೂಣು ನಡೀರಿ” ಅಂದೆ, “ಕರಕೊಂಡ ಬರೂಣು ಅವನ್ನ.” ಕಾಕಾ ಎದ್ದು ಅಪ್ಪನ ಸಲಿಕೆಯನ್ನು ಹುಲ್ಲಿಗೆ ಒರೆಸಿ ನನ್ನ ಕೈಗೆ ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ. “ಅದು ನಿಮ್ಮ ಮನ್ಯಾಗ ಇರ್ಲಿ” ಅಂದೆ.